ಎಂಟು ಜನರ ಚೀಸು, ನಲವತ್ತೆಂಟು ಜನರ ಪಂಕ್ತಿ

ನಮ್ಮ ಮನೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಯಾರಾದರೂ ಒಂದು ಕೆಲಸವನ್ನು ಭಾರೀ ಭರವಸೆಯಿಂದ ಒಪ್ಪಿಕೊಂಡರೆ, ಉಳಿದವರು ಮೆಲ್ಲಗೆ, "ರವೆ ಹುರಿದಿಡಲೇ?" ಎನ್ನುತ್ತಾರೆ. ಹೊರಗಿನವರಿಗೆ ಇದರ ಅರ್ಥ ಗೊತ್ತಾಗುವುದಿಲ್ಲ. ನನಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಏಕೆಂದರೆ ಆ ಮಾತು ಹುಟ್ಟಿದ್ದೇ ನನ್ನಿಂದ.

ಕಳೆದ ವರ್ಷದ ಬೇಸಿಗೆ ರಜೆಯಲ್ಲಿ ಬೀಗರ ಕಡೆಯವರೆಲ್ಲ ಮೈಸೂರಿಗೆ ಬಂದಿದ್ದರು. ಒಂದು ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ಲೆಕ್ಕ ಹಾಕಿದರೆ 32 ಜನ. ಅದಕ್ಕೆ ಕೆಲವು ತಿಂಗಳ ಹಿಂದೆ ಮಗ ಒಂದು ಪುಟ್ಟ ಓವನ್ ತಂದುಕೊಟ್ಟಿದ್ದ. ನಾನೂ ಏಳನೇ ತರಗತಿಯ ನನ್ನ ಮೊಮ್ಮಗಳೂ ಅದರಲ್ಲಿ ಒಂದೇ ಒಂದು ತಿಂಡಿ ಮಾಡಲು ಕಲಿತಿದ್ದೆವು. ಮುಸುಕಿನ ಜೋಳ, ದಪ್ಪ ಮೆಣಸಿನಕಾಯಿ, ಹಾಲಿನ ಬಿಳಿ ಸಾಸು, ಮೇಲೆ ತುರಿದ ಚೀಸು. ಓವನ್‌ನಲ್ಲಿ ಇಟ್ಟು ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿದಾಗ ತೆಗೆದು ಗರಿಗರಿ ಬ್ರೆಡ್ ತುಂಡಿನ ಜೊತೆ ಬಿಸಿಬಿಸಿಯಾಗಿ ತಿನ್ನುವುದು. ಊಟಕ್ಕೆ ಮುಂಚೆ ನಾಲಿಗೆಗೆ ಹದವಾಗಿ ರುಚಿ ಹತ್ತಿಸುವ ತಿಂಡಿ. ಎಂಟು ಜನಕ್ಕೆ ಮಾಡಿದಾಗಲೆಲ್ಲ ತಟ್ಟೆ ನೆಕ್ಕುವಂತೆ ಆಗಿತ್ತು.

"8 ಜನಕ್ಕೆ ಬರುತ್ತದೆ ಎಂದರೆ 32 ಜನಕ್ಕೆ ಏಕೆ ಬಾರದು? ನಾಲ್ಕರಿಂದ ಗುಣಿಸಿದರಾಯಿತು" ಎಂದು ನಾನು ಘೋಷಿಸಿದೆ. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ನಾಲ್ಕರ ಮಗ್ಗಿ ಒಂದು ಲೆಕ್ಕವೇ?

ಎಲ್ಲವನ್ನೂ ನಾಲ್ಕರಿಂದ ಗುಣಿಸಿದೆ. ಮಿಶ್ರಣವನ್ನು ಬೆಳಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಸಂಜೆ ನೆಂಟರು ಬಂದ ಮೇಲೆ, ಓವನ್‌ನಲ್ಲಿ ಹಿಡಿಸುವ ಒಂದು ಸ್ಟೀಲ್ ಡಬರಿಗೆ ಅಷ್ಟನ್ನೂ ಸುರಿದು, ಮೇಲೆ ಚೀಸಿನ ದಪ್ಪ ಹೊದಿಕೆ ಹೊದಿಸಿ, ಒಳಗಿಟ್ಟು ಬಾಗಿಲು ಹಾಕಿದೆ. ಹದಿನೈದು ನಿಮಿಷವಾದ ಮೇಲೆ ಮುಟ್ಟಿ ನೋಡಿದರೆ ನಡು ತಣ್ಣಗೆ. ಇನ್ನೂ ಹದಿನೈದು ನಿಮಿಷ ಇಟ್ಟೆ. ಮೇಲ್ಭಾಗ ಕಂದು. ಮತ್ತೆ ಹತ್ತು ನಿಮಿಷ. ಮೇಲ್ಭಾಗ ಕಪ್ಪು! ಅದನ್ನು ಒಡೆದು ಒಳಗೆ ಚಮಚ ಹಾಕಿದರೆ ಫ್ರಿಜ್ಜಿನ ಥಂಡಿ ಹಾಗೇ ಇದೆ. ಮೇಲೆ ಎಣ್ಣೆ ತೇಲುತ್ತಿದೆ, ಕೆಳಗೆ ಗಂಜಿಯಂತೆ ನೀರು ನೀರು.

ಹಾಲಿನಲ್ಲಿ ಮೂವತ್ತೆರಡು ಜನ ಕೂತಿದ್ದಾರೆ. ನಾನು ಅಡುಗೆಮನೆಯಲ್ಲಿ ಡಬರಿ ಹಿಡಿದು ನಿಂತಿದ್ದೇನೆ. ನನ್ನಾಕೆ ಒಂದು ಮಾತೂ ಆಡಲಿಲ್ಲ. ಸೆರಗು ಸಿಕ್ಕಿಸಿ, ಮಂಡಿನೋವನ್ನೂ ಮರೆತು, ದೊಡ್ಡ ಬಾಣಲೆ ಒಲೆಗೇರಿಸಿ ರವೆ ಹುರಿದಳು. ಅರ್ಧ ಗಂಟೆಯೊಳಗೆ ಎಲ್ಲರ ಕೈಯಲ್ಲೂ ಹಬೆಯಾಡುವ ಉಪ್ಪಿಟ್ಟು. ನೆಂಟರು ಹೊಗಳಿ ಹೊಗಳಿ ತಿಂದರು. ಎಲ್ಲರದೂ ಮುಗಿದ ಮೇಲೆ ಅವಳು ತಳದಲ್ಲಿ ಉಳಿದಿದ್ದ ಆರಿದ ಉಪ್ಪಿಟ್ಟನ್ನು ಬಟ್ಟಲಿಗೆ ಹಾಕಿಕೊಂಡು ನಿಂತೇ ತಿಂದಳು.

ಆ ಬಟ್ಟಲು ನನ್ನ ಮನಸ್ಸಿನಲ್ಲಿ ಉಳಿಯಿತು. ಮದುವೆಯಾಗಿ 46 ವರ್ಷ. ಮನೆಗೆ ಬಂದವರ ಜೊತೆ ಮೊದಲ ಪಂಕ್ತಿಯಲ್ಲಿ ಕೂತು ಅವಳು ಬಿಸಿ ತಿಂಡಿ ತಿಂದದ್ದನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಒಂದು ಸಲವೂ ನೆನಪಾಗಲಿಲ್ಲ.

ಇಚ್ಛೆ ನಲವತ್ತೆಂಟು

ಈ ವರ್ಷ ಅವಳಿಗೆ 70 ತುಂಬುವುದಿತ್ತು. ಮಕ್ಕಳು, ತಮ್ಮಂದಿರು, ಓರಗಿತ್ತಿಯರು, ಬೀದಿಯ ಗೆಳತಿಯರು ಎಲ್ಲ ಸೇರಿ 48 ಜನರ ಪಟ್ಟಿ ತಯಾರಾಯಿತು. ಊಟ ಹೊರಗಿನಿಂದ ತರಿಸುವುದು. ಆದರೆ ಸಂಜೆ ಬಂದವರಿಗೆ ಮೊದಲು ಕೊಡುವ ಬಿಸಿ ತಿಂಡಿ?

"ಅದನ್ನ ನಾನೂ ತಾತನೂ ಮಾಡ್ತೀವಿ. ಚೀಸ್ ತಿಂಡಿ" ಎಂದಳು ಮೊಮ್ಮಗಳು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನಾಕೆ, "ರವೆ ಹುರಿದಿಡಲೇನ್ರೀ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಒಂದು ನಿಶ್ಚಯ ಮಾಡಿಕೊಂಡೆ. ಈ ಸಲ ಅವಳು ಅಡುಗೆಮನೆಯ ಹೊಸಿಲು ದಾಟಕೂಡದು.

ರಾತ್ರಿ ನಾವಿಬ್ಬರೂ ಒಂದು ನೋಟ್‌ಬುಕ್ ಹಿಡಿದು ಕೂತೆವು. ಎಡಗಡೆ 8 ಜನರ ಲೆಕ್ಕ, ಬಲಗಡೆ 48 ಜನರದು.

"ಇದು ನಮ್ಮ ಅನುಪಾತದ ಪಾಠ ಕಣೋ ತಾತ" ಎಂದಳು ಮೊಮ್ಮಗಳು.

"ನಮ್ಮ ಕಾಲದಲ್ಲಿ ಇದಕ್ಕೆ ತ್ರೈರಾಶಿ ಅಂತಿದ್ದರು" ಎಂದೆ.

ಮಕ್ಕಳೇ, ಈ ತ್ರೈರಾಶಿ ನಿಮ್ಮ ತಾತನ ಕಾಲದ್ದಷ್ಟೇ ಅಲ್ಲ, ತಾತನ ತಾತನ ತಾತಂದಿರ ಕಾಲದ್ದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ. ಗೊತ್ತಿರುವ ಮೂರು ಸಂಖ್ಯೆಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಕಂಡುಹಿಡಿಯುವುದೇ ತ್ರೈರಾಶಿ. ಆ ಮೂರಕ್ಕೂ ಹಳಬರು ಚೆಂದದ ಹೆಸರಿಟ್ಟಿದ್ದರು: ಪ್ರಮಾಣ, ಫಲ, ಇಚ್ಛೆ. ನಮ್ಮ ಲೆಕ್ಕದಲ್ಲಿ 8 ಜನ ಎಂಬುದು ಪ್ರಮಾಣ. ಅವರಿಗೆ ಬೇಕಾದ 150 ಗ್ರಾಂ ಚೀಸು ಫಲ. 48 ಜನ ಎಂಬುದು ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ 900 ಗ್ರಾಂ. 200 ಗ್ರಾಮಿನ ಪೊಟ್ಟಣಗಳಾದರೆ ನಾಲ್ಕೂವರೆ. ಅರ್ಧ ಪೊಟ್ಟಣ ಯಾರೂ ಕೊಡುವುದಿಲ್ಲವಾದ್ದರಿಂದ ಐದು.

ಮೊಮ್ಮಗಳು ಸರಸರನೆ ಎಲ್ಲವನ್ನೂ ಆರರಿಂದ ಗುಣಿಸುತ್ತ ಹೋದಳು. ಕೊನೆಯ ಸಾಲಿನಲ್ಲಿ 'ಓವನ್‌ನಲ್ಲಿ 15 ನಿಮಿಷ' ಎಂದಿತ್ತು. ಪೆನ್ಸಿಲ್ ನಿಂತಿತು.

"ತಾತ, ಇದನ್ನೂ ಆರರಿಂದ ಗುಣಿಸಬೇಕಾ? 90 ನಿಮಿಷ?"

ಅವಳು ಕೇಳಿದ ಈ ಪ್ರಶ್ನೆಯನ್ನು ಹಿಂದಿನ ವರ್ಷ ನಾನು ನನ್ನನ್ನು ಕೇಳಿಕೊಂಡಿದ್ದರೆ ಮೂವತ್ತೆರಡು ಜನರ ಮುಂದೆ ಮುಖ ಬಾಡಿಸಿಕೊಳ್ಳಬೇಕಿರಲಿಲ್ಲ.

ಗುಣಿಸಬಹುದಾದದ್ದು, ಗುಣಿಸಬಾರದ್ದು

ನಾವು ಹಳೆಯ ತಪ್ಪನ್ನೇ ಮೇಜಿನ ಮೇಲೆ ಹರಡಿಕೊಂಡು ಪರಿಶೀಲಿಸಿದೆವು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮೊದಲ ನಮೂದಿನಿಂದ ಹಿಂದೆ ಹಿಂದೆ ಹೋಗಿ ಹುಡುಕುತ್ತಿದ್ದೆವಲ್ಲ, ಹಾಗೆ.

8 ಜನಕ್ಕೆ ಮಾಡುವ ನಮ್ಮ ಗಾಜಿನ ತಟ್ಟೆ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ. ಅಂದರೆ ಅದರ ವಿಸ್ತೀರ್ಣ 400 ಚದರ ಸೆಂಟಿಮೀಟರ್. ಒಳಗೆ ಹಾಕುವ ಮಿಶ್ರಣ ಸುಮಾರು 800 ಮಿಲಿಲೀಟರ್. ಭಾಗಿಸಿ ನೋಡಿ: 2 ಸೆಂಟಿಮೀಟರ್ ದಪ್ಪ.

ಈಗ ಆ ಡಬರಿ. ಅಡ್ಡಳತೆ 24 ಸೆಂಟಿಮೀಟರ್. ವೃತ್ತದ ಸೂತ್ರ ಹಾಕಿದರೆ ವಿಸ್ತೀರ್ಣ ಸುಮಾರು 452 ಚದರ ಸೆಂಟಿಮೀಟರ್. ನಾಲ್ಕರಷ್ಟು ಮಿಶ್ರಣ ಎಂದರೆ 3,200 ಮಿಲಿಲೀಟರ್. ಭಾಗಿಸಿದರೆ 7 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ದಪ್ಪ! ಮಿಶ್ರಣ ನಾಲ್ಕು ಪಟ್ಟು ಬೆಳೆದಿತ್ತು. ಪಾತ್ರೆಯ ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆಳೆದದ್ದೆಲ್ಲ ಆಳಕ್ಕೆ ಇಳಿದಿತ್ತು.

ಓವನ್‌ನಲ್ಲಿ ಶಾಖ ಹೊರಗಿನಿಂದ ಒಳಕ್ಕೆ ಹೋಗಬೇಕು. ಜಾತ್ರೆಯ ಜನಸಂದಣಿಯಲ್ಲಿ ಒಂದು ಸುದ್ದಿ ಪಕ್ಕದವರಿಂದ ಪಕ್ಕದವರಿಗೆ ಹರಡುವ ಹಾಗೆ, ಒಂದು ಪದರ ಬಿಸಿಯಾಗಿ ಮುಂದಿನ ಪದರಕ್ಕೆ ದಾಟಿಸುತ್ತ ಹೋಗುತ್ತದೆ. ಇಂಥ ಗಟ್ಟಿ ಮಿಶ್ರಣದಲ್ಲಿ ದಪ್ಪ ಎರಡರಷ್ಟಾದರೆ ಬೇಯುವ ಸಮಯ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಅಂದರೆ ದಪ್ಪದ ವರ್ಗಕ್ಕೆ ತಕ್ಕಂತೆ. ನನ್ನ ಡಬರಿಯಲ್ಲಿ ದಪ್ಪ ಮೂರೂವರೆ ಪಟ್ಟು ಹೆಚ್ಚಿತ್ತು. ಮೂರೂವರೆಯ ವರ್ಗ ಹನ್ನೆರಡು ಚಿಲ್ಲರೆ. 15 ನಿಮಿಷವನ್ನು 12ರಿಂದ ಗುಣಿಸಿದರೆ 180 ನಿಮಿಷ. ಮೂರು ಗಂಟೆ! ನೆಂಟರು ಅಷ್ಟು ಹೊತ್ತು ಕೂತಿದ್ದರೆ ರಾತ್ರಿ ಊಟದ ಹೊತ್ತೂ ಮೀರುತ್ತಿತ್ತು.

"ಶಾಖ ಜಾಸ್ತಿ ಮಾಡಿದ್ದರೆ?" ಎಂದಳು.

ಅದಕ್ಕೂ ಉತ್ತರವಿದೆ. ಒಳಗಿನ ಮಿಶ್ರಣದಲ್ಲಿ ಹಾಲಿನ ನೀರಿದೆ. ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಆದರೆ ಮೇಲ್ಭಾಗದ ಚೀಸಿನ ನೀರು ಬೇಗ ಆರಿಹೋಗಿ ಅದರ ಬಿಸಿ ಇನ್ನೂ ಮೇಲೇರುತ್ತದೆ. ಆಗ ಹೊಂಬಣ್ಣ, ಆಮೇಲೆ ಕಂದು, ಆಮೇಲೆ ಕಪ್ಪು. ಉರಿ ಹೆಚ್ಚಿಸಿದರೆ ಮೇಲ್ಭಾಗ ಇನ್ನೂ ಬೇಗ ಕರಕಾಗುತ್ತದೆಯೇ ಹೊರತು ನಡುವಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಎಣ್ಣೆ ತೇಲಿದ್ದಕ್ಕೂ ಕಾರಣ ಸಿಕ್ಕಿತು. ಒಳಗೆ ಬೆರೆಸುವ ಚೀಸಿನದು ತೂಕದ ಲೆಕ್ಕ. ಮೇಲೆ ಉದುರಿಸುವ ಚೀಸಿನದು ವಿಸ್ತೀರ್ಣದ ಲೆಕ್ಕ, ಗೋಡೆಗೆ ಬಣ್ಣ ಬಳಿಯುವ ಹಾಗೆ. 400 ಚದರ ಸೆಂಟಿಮೀಟರಿಗೆ 50 ಗ್ರಾಂ ಸಾಕಾಗಿದ್ದರೆ, ನಾನು 452ಕ್ಕೆ 200 ಗ್ರಾಂ ಸುರಿದಿದ್ದೆ. ಕಂಬಳಿಯಂತೆ ಕೂತ ಆ ಪದರದ ಕೊಬ್ಬು ಕರಗಿ ಮೇಲೆ ತೇಲಿತ್ತು.

ಹೀಗೆ ನಮ್ಮ ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿಗಳಾದವು. ಜನಸಂಖ್ಯೆಯ ಪ್ರಕಾರ ಗುಣಿಸಬೇಕಾದವು: ಜೋಳ, ಹಾಲು, ಮೈದಾ, ಬೆಣ್ಣೆ, ಒಳಗಿನ ಚೀಸು. ತಟ್ಟೆಯ ಅಗಲದ ಪ್ರಕಾರ ಗುಣಿಸಬೇಕಾದದ್ದು: ಮೇಲಿನ ಚೀಸು. ಸುಮ್ಮನೆ ಗುಣಿಸಲೇಬಾರದ್ದು: ಸಮಯ, ಶಾಖ, ಖಾರ.

ದೊಡ್ಡದು ಬೇಡ, ಮತ್ತೆ ಮತ್ತೆ ಮಾಡು

ಪರಿಹಾರ ಸರಳವಾಗಿತ್ತು. ದಪ್ಪವನ್ನು 2 ಸೆಂಟಿಮೀಟರ್ ಮೀರಲು ಬಿಡದಿದ್ದರಾಯಿತು. 48 ಜನಕ್ಕೆ ಬೇಕಾದ ವಿಸ್ತೀರ್ಣ 400ರ ಆರರಷ್ಟು, ಅಂದರೆ 2,400 ಚದರ ಸೆಂಟಿಮೀಟರ್. ನಮ್ಮ ಓವನ್ ಒಳಗೆ ಹಿಡಿಸುವ ಟ್ರೇ 32 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ. ಗುಣಿಸಿದರೆ 800. ಮೂರು ಟ್ರೇಗೆ ಸರಿಯಾಗಿ 2,400! ಮೊಮ್ಮಗಳು ಕುಣಿದಾಡಿದಳು. ಒಂದು ಟ್ರೇಗೆ 16 ಜನ.

ನನಗೆ ಬ್ಯಾಂಕಿನ ಕ್ಯಾಶ್ ಕೌಂಟರ್ ನೆನಪಾಯಿತು. ಎಷ್ಟೇ ದೊಡ್ಡ ಮೊತ್ತ ಬಂದರೂ ನಾವು ನೋಟುಗಳನ್ನು ಒಂದೇ ರಾಶಿ ಮಾಡಿ ಎಣಿಸುತ್ತಿರಲಿಲ್ಲ. ನೂರು ನೋಟಿಗೆ ಒಂದು ಕಟ್ಟು. ತಪ್ಪಾದರೂ ಒಂದು ಕಟ್ಟಿನಲ್ಲಿ ತಪ್ಪಾಗುತ್ತದೆ, ಉಳಿದವು ಸರಿಯಾಗಿರುತ್ತವೆ. ಇಲ್ಲಿಯೂ ಹಾಗೆಯೇ. ಒಂದು ಟ್ರೇ ಒಂದು ಕಟ್ಟು. ಬಿಳಿ ಸಾಸನ್ನೂ ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡದೆ ಮೂರು ಸಲ ಮಾಡುವುದೆಂದು ತೀರ್ಮಾನಿಸಿದೆವು. ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ಹಾಲು ಸುರಿದರೆ ಅದರ ಪ್ರಮಾಣಕ್ಕೆ ಹೋಲಿಸಿದಾಗ ಹಬೆಯಾಡುವ ಮೇಲ್ಮೈ ಕಡಿಮೆ. ಸಾಸು ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ತಳ ಹಿಡಿದಿರುತ್ತದೆ.

ಒಂದು ಸಮಸ್ಯೆ ಉಳಿಯಿತು. ಓವನ್‌ನಲ್ಲಿ ಒಂದು ಸಲಕ್ಕೆ ಒಂದೇ ಟ್ರೇ. ಎರಡನ್ನು ಮೇಲೆ ಕೆಳಗೆ ಇಟ್ಟರೆ ಕೆಳಗಿನದರ ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ. ಒಂದೊಂದಕ್ಕೆ 20 ನಿಮಿಷ ಹಿಡಿದರೂ ಮೂರನೆಯದು ಬರುವಾಗ ಮೊದಲನೆಯದು ಆರಿ ಬೆಪ್ಪಗಾಗಿರುತ್ತದೆ.

ಇದಕ್ಕೆ ದಾರಿ ತೋರಿಸಿದವಳು ನನ್ನಾಕೆಯೇ. ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. "ಮದುವೆ ಮನೇಲಿ ಎಲ್ಲರಿಗೂ ಒಟ್ಟಿಗೆ ಬಡಿಸ್ತಾರೇನ್ರೀ? ಪಂಕ್ತಿ ಮಾಡಿ" ಎಂದಳು.

ಅಷ್ಟೇ! ಮೂರು ಟ್ರೇ, ಮೂರು ಪಂಕ್ತಿ. ಒಬ್ಬರು ತಿನ್ನುತ್ತಿರುವಾಗ ಇನ್ನೊಂದು ಬೇಯುತ್ತಿರುತ್ತದೆ. ಎಲ್ಲರಿಗೂ ಬಿಸಿ ಸಿಗುತ್ತದೆ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಹೆಸರು ಬರೆಯತೊಡಗಿದಳು. ಮೊದಲ ಕಾಲಮ್ಮಿನ ಮೊದಲ ಸಾಲಿನಲ್ಲಿ 'ಅಜ್ಜಿ' ಎಂದು ಬರೆದು ಅಡಿಗೆರೆ ಹಾಕಿದಳು.

ರಿಹರ್ಸಲ್

ಹಿಂದಿನ ಭಾನುವಾರ ಒಂದೇ ಒಂದು ಟ್ರೇ ಮಾಡಿ ನೋಡಿದೆವು. ನೆರೆಹೊರೆಯ ಮಕ್ಕಳು ಪರೀಕ್ಷಕರು. ಅಂದು ಕಲಿತದ್ದು ಬಹಳ.

ಮೊದಲನೆಯದು ಉಪ್ಪು. ಚೀಸಿನಲ್ಲಿಯೇ ಸಾಕಷ್ಟು ಉಪ್ಪಿರುತ್ತದೆ. ನಾನು ಸಾಸಿಗೆ ಮೊದಲೇ ಉಪ್ಪು ಹಾಕಿ ಆಮೇಲೆ ಚೀಸು ಬೆರೆಸಿದ್ದರಿಂದ ಮಕ್ಕಳು ಎರಡೆರಡು ಲೋಟ ನೀರು ಕುಡಿದರು. ಚೀಸು ಬೆರೆಸಿ, ರುಚಿ ನೋಡಿ, ಬೇಕೆನಿಸಿದರೆ ಮಾತ್ರ ಉಪ್ಪು. ರಕ್ತದೊತ್ತಡವಿರುವ ನಮ್ಮಂಥ ಹಿರಿಯರಿಗಂತೂ ಇದು ಮುಖ್ಯ. ಒಂದು ತುಂಡಿಗೆ ತೃಪ್ತಿಪಡುವುದು ಇನ್ನೂ ಒಳ್ಳೆಯದು.

ಎರಡನೆಯದು ಖಾರ. ಎರಡರಷ್ಟು ಮಿಶ್ರಣಕ್ಕೆ ಎರಡರಷ್ಟು ಹಸಿಮೆಣಸಿನಕಾಯಿ ಹಾಕಿದ್ದೆ. ಒಂದು ಕಾಯಿಯಂತೆ ಇನ್ನೊಂದು ಇರುವುದಿಲ್ಲವಲ್ಲ! ಚಿಕ್ಕವರ ಕಣ್ಣಲ್ಲಿ ನೀರು. ಹಸಿಮೆಣಸಿನಕಾಯಿ ಬಿಟ್ಟು ಕಾಳುಮೆಣಸಿನ ಪುಡಿಗೆ ಇಳಿದೆವು. ಲೆಕ್ಕದಲ್ಲಿ ಬಂದದ್ದರ ಮೂರನೇ ಎರಡು ಭಾಗ ಹಾಕಿ, ರುಚಿ ನೋಡಿ, ಉಳಿದದ್ದನ್ನು ಸೇರಿಸುವುದೋ ಬಿಡುವುದೋ ನಿರ್ಧರಿಸುವುದು. ಹಾಕಿದ್ದನ್ನು ತೆಗೆಯಲಾಗದು, ಹಾಕದ್ದನ್ನು ಹಾಕಬಹುದು.

ಮೂರನೆಯದು ಸಮಯ. ತಣ್ಣನೆಯ ಮಿಶ್ರಣ ಓವನ್‌ಗೆ ಹೋಗಬಾರದು. ಮೊದಲೇ ಮಾಡಿ ಫ್ರಿಜ್ಜಿನಲ್ಲಿ ಇಡುವುದಾದರೆ, ಹೊರಗೆ ಗಂಟೆಗಟ್ಟಲೆ ಆರಲು ಬಿಡದೆ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಬೇಕು. ದೊಡ್ಡ ಪಾತ್ರೆಯ ನಡುಭಾಗ ಬೇಗ ಬಿಸಿಯಾಗದ ಹಾಗೆ ಬೇಗ ಆರುವುದೂ ಇಲ್ಲ. ಆ ಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳಿಗೆ ಹಬ್ಬ. ಬೇಕಾದಾಗ ಒಲೆಯ ಮೇಲೆ ಕುದಿ ಬರುವವರೆಗೆ ಕೈಯಾಡಿಸಿ ಬಿಸಿ ಮಾಡಿ ಟ್ರೇಗೆ ಸುರಿದು ಓವನ್‌ಗೆ ಕಳಿಸಬೇಕು. ಹೀಗೆ ಮಾಡಿದಾಗ ನಮ್ಮ ದೊಡ್ಡ ಟ್ರೇಗೆ 17 ನಿಮಿಷ ಬೇಕಾಯಿತು. ಪದೇಪದೇ ಬಾಗಿಲು ತೆಗೆದು ನೋಡಿದರೆ ಶಾಖವೆಲ್ಲ ಹೊರಬರುತ್ತದೆ, ಗಾಜಿನಿಂದಲೇ ನೋಡಬೇಕು.

ಪರೀಕ್ಷಕ ಮಕ್ಕಳಲ್ಲಿ ಒಬ್ಬ, "ಚೀಸ್ ಬದಲು ಪನೀರ್ ಹಾಕಿದ್ರೆ ಕರಗುತ್ತಾ ತಾತ?" ಎಂದು ಕೇಳಿದ. ಕರಗುವುದಿಲ್ಲ. ಪನೀರು ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು. ಅದನ್ನು ಎಷ್ಟು ಬಿಸಿ ಮಾಡಿದರೂ ಮೆತ್ತಗಾಗಿ ಹರಿಯುವುದಿಲ್ಲ, ಒಣಗುತ್ತದೆ. ಅದಕ್ಕೇ ಅದನ್ನು ಎಣ್ಣೆಯಲ್ಲಿ ಹುರಿದರೂ ತುಂಡು ತುಂಡಾಗಿಯೇ ಇರುವುದು. ಅಂಗಡಿಯ ಪ್ರೋಸೆಸ್ಡ್ ಚೀಸಿನಲ್ಲಿ ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿರುತ್ತಾರೆ. ಸಾಸಿನೊಳಗೆ ಅದು ನಯವಾಗಿ ಬೆರೆಯುತ್ತದೆ. ಎಳೆ ಎಳೆಯಾಗಿ ಬರಬೇಕೆಂದರೆ ಮೇಲೆ ಉದುರಿಸುವುದರಲ್ಲಿ ಅರ್ಧ ಮೊಝರೆಲ್ಲಾ ಬಳಸಬಹುದು.

ಅದೇ ಸಂಜೆ ನನ್ನಾಕೆಯ ಗೆಳತಿಯೊಬ್ಬರು, "ಚೀಸು ನಮಗೆ ಆಗುತ್ತೋ? ಅದಕ್ಕೆ ಏನೋ ಕರುವಿನದ್ದು ಹಾಕ್ತಾರಂತೆ" ಎಂದು ಸಂಕೋಚದಿಂದ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹಿಂದಿನಿಂದ ಬಂದ ಪದ್ಧತಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥ ಬಳಸುತ್ತಿದ್ದರು. ಕೆಲವು ವಿದೇಶೀ ಚೀಸುಗಳಲ್ಲಿ ಈಗಲೂ ಬಳಸುತ್ತಾರೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಕೂಡ ಇದೆ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ. ಅವರಿಗೆ ಪೊಟ್ಟಣ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಹಾಗಾದ್ರೆ ನನ್ನ ಹೆಸರೂ ಬರ್ಕೊಳ್ಳಿ" ಎಂದರು.

ಆ ಸಂಜೆ

ಹಿಂದಿನ ದಿನವೇ ಬ್ರೆಡ್ ಕೆಲಸ ಮುಗಿಸಿದೆವು. ತಲಾ ಮೂರು ತುಂಡಿನಂತೆ 48 ಜನಕ್ಕೆ 144 ತುಂಡು. ಒಂದು ಹೋಳಿಗೆ ನಾಲ್ಕು ತ್ರಿಕೋನ. 36 ಹೋಳು ಸಾಕು. ಆದರೆ ತಂದ ಎರಡು ಪೌಂಡಿನಲ್ಲಿ ಇಪ್ಪತ್ತಿಪ್ಪತ್ತರಂತೆ 40 ಹೋಳಿದ್ದವು. ಎಲ್ಲವನ್ನೂ ಕೊಯ್ದು, ಓವನ್‌ನಲ್ಲಿ ಗರಿಗರಿ ಮಾಡಿ, ಆರಿಸಿ ಡಬ್ಬಿಗೆ ತುಂಬಿದೆವು. 160 ತುಂಡು.

ಐದೂವರೆಗೆ ಮೊದಲ ಟ್ರೇ ಹೊರಬಂತು. ಅಂಚಿನಲ್ಲಿ ಗುಳುಗುಳು ಗುಳ್ಳೆ, ಮೇಲೆ ಸೇವಂತಿಗೆಯ ಬಣ್ಣ. ಐದು ನಿಮಿಷ ಸುಮ್ಮನೆ ಬಿಟ್ಟರೆ ಸ್ವಲ್ಪ ಗಟ್ಟಿಯಾಗಿ ಕೊಯ್ಯಲು ಬರುತ್ತದೆ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು: ಹದಿನಾರು ಭಾಗ. ಹಾಲಿನಲ್ಲಿ ಮೊದಲ ಪಂಕ್ತಿಯ ಹಿರಿಯರು ಕೂತಿದ್ದರು.

ನನ್ನಾಕೆ ಮಾತ್ರ ಕೂತಿರಲಿಲ್ಲ. ಯಾವಾಗಲೋ ಎದ್ದು ಬಂದು ತಟ್ಟೆಗಳ ಕಡೆ ಕೈ ಚಾಚಿದ್ದಳು. "ನೀವು ಕೊಡಿ, ನಾನು ಬಡಿಸ್ತೀನಿ."

ಮೊಮ್ಮಗಳು ನೋಟ್‌ಬುಕ್ ತೆರೆದು ಎದುರು ನಿಂತಳು. "ಅಜ್ಜಿ, ನೋಡಿ. ಮೊದಲನೇ ಪಂಕ್ತಿ, ಮೊದಲನೇ ಹೆಸರು. ನೀವು ಕೂರದಿದ್ರೆ ನನ್ನ ಲೆಕ್ಕ ಹದಿನೈದೇ ಆಗುತ್ತೆ."

ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳು ಹೋಗಿ ಕೂತಳು. ಮೊದಲ ತಟ್ಟೆಯನ್ನು ನಾನೇ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಅವಳು ಒಂದು ತುಂಡು ಬ್ರೆಡ್ಡಿನಲ್ಲಿ ಚೀಸನ್ನು ತೆಗೆದು ಬಾಯಿಗಿಟ್ಟುಕೊಂಡಳು. ತಕ್ಷಣ ಬಾಯಿ ತೆರೆದು 'ಹಾ ಹಾ' ಎಂದು ಗಾಳಿ ಹಾಕಿಕೊಂಡಳು.

"ಏನಾಯ್ತೇ?" ಎಂದೆ ಗಾಬರಿಯಿಂದ.

"ನಾಲಿಗೆ ಸುಟ್ಟಿತು ಕಣ್ರೀ" ಎಂದು ನಕ್ಕಳು. "ಇಷ್ಟು ವರ್ಷ ಆರಿದ್ದನ್ನೇ ತಿಂದು ಅಭ್ಯಾಸ."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನು ಎರಡನೇ ಟ್ರೇ ನೋಡುವ ನೆಪದಲ್ಲಿ ಬೇಗ ಒಳಗೆ ಬಂದೆ. ಓವನ್ ಮುಂದೆ ನಿಂತರೆ ಕನ್ನಡಕ ಮಂಜಾಗುತ್ತದೆ, ಅದೊಂದು ಅನುಕೂಲ.

ಎರಡನೇ ಪಂಕ್ತಿ ಮುಗಿಯುವ ಹೊತ್ತಿಗೆ ಮೊಮ್ಮಗಳು ಓಡಿ ಬಂದಳು. "ತಾತ, 48 ಅಲ್ಲ! 53!" ಯಾರೋ ಜೊತೆಗೆ ಇನ್ಯಾರನ್ನೋ ಕರೆತಂದಿದ್ದರು. ಉಳಿದಿರುವುದು ಒಂದೇ ಟ್ರೇ, ಹದಿನಾರರ ಬದಲು ಇಪ್ಪತ್ತೊಂದು ಜನ. ನನ್ನ ಕೈಕಾಲು ಆಡಲಿಲ್ಲ. ಅವಳು ಒಂದು ಕ್ಷಣ ಟ್ರೇ ನೋಡಿ, "ಏಳು ಮೂರ್ಲ ಇಪ್ಪತ್ತೊಂದು" ಎಂದಳು. ಉದ್ದಕ್ಕೆ ಏಳು, ಅಡ್ಡಕ್ಕೆ ಮೂರು. ತುಂಡು ಸ್ವಲ್ಪ ಚಿಕ್ಕದಾಯಿತು. ಆದರೆ ಕೊನೆಯ ಪಂಕ್ತಿಯಲ್ಲಿದ್ದವರಲ್ಲಿ ಹೆಚ್ಚಿನವರು ಮನೆಯವರೇ. ಯಾರೂ ದೂರಲಿಲ್ಲ. ಬ್ರೆಡ್ ತುಂಡುಗಳು ತಲಾ ಮೂರರಂತೆ 159 ಖರ್ಚು. ಡಬ್ಬಿಯಲ್ಲಿ ಒಂದೇ ಒಂದು ಉಳಿಯಿತು. ಲೆಕ್ಕ ತಾಳೆಯಾದ ಸಂತೋಷವನ್ನು ಬ್ಯಾಂಕಿನವರೇ ಬಲ್ಲರು.

ಮರುದಿನ ಬೆಳಗ್ಗೆ ತಿಂಡಿಗೆ ಉಪ್ಪಿಟ್ಟು. ಇಷ್ಟು ಬೇಗ ಹೇಗಾಯಿತೆಂದು ಅಡುಗೆಮನೆಗೆ ಹೋಗಿ ನೋಡಿದರೆ, ಮೂಲೆಯಲ್ಲಿ ದೊಡ್ಡ ಡಬ್ಬಿ ತುಂಬ ಹುರಿದ ರವೆ. ಹಬ್ಬದ ಹಿಂದಿನ ದಿನವೇ ಹುರಿದಿಟ್ಟಿದ್ದಳು!

"ನಮ್ಮ ಮೇಲೆ ಅಷ್ಟೂ ನಂಬಿಕೆ ಇರಲಿಲ್ವೇನೇ?" ಎಂದೆ.

"ನಿಮ್ಮ ಮೇಲೆ ಇತ್ತು" ಎಂದಳು. "ನಲವತ್ತೆಂಟರ ಮೇಲೆ ಇರಲಿಲ್ಲ."

ಮೊಮ್ಮಗಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಕರೆದವರು 48, ಬಂದವರು 53. ಮುಂದಿನ ಸಲ ಹತ್ತರಲ್ಲಿ ಒಂದು ಪಾಲು ಹೆಚ್ಚು.' ಅಂದು ಬೆಳಗ್ಗೆ ನಾವು ಮೂವರೂ ಒಟ್ಟಿಗೆ ಕೂತು, ಉಪ್ಪಿಟ್ಟನ್ನು ಬಿಸಿ ಇರುವಾಗಲೇ ತಿಂದೆವು.

ಬರೆದಿಟ್ಟುಕೊಳ್ಳುವವರಿಗೆ

*8 ಜನಕ್ಕೆ:* ಬೇಯಿಸಿದ ಮುಸುಕಿನ ಜೋಳದ ಕಾಳು 250 ಗ್ರಾಂ, ಸಣ್ಣಗೆ ಹೆಚ್ಚಿದ ದಪ್ಪ ಮೆಣಸಿನಕಾಯಿ 100 ಗ್ರಾಂ, ಹಾಲು 400 ಮಿಲಿಲೀಟರ್, ಬೆಣ್ಣೆ 25 ಗ್ರಾಂ, ಮೈದಾ 25 ಗ್ರಾಂ, ಚೀಸು ಒಳಗೆ 100 ಗ್ರಾಂ ಮತ್ತು ಮೇಲೆ 50 ಗ್ರಾಂ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಬ್ರೆಡ್ 6 ಹೋಳು.

*48 ಜನಕ್ಕೆ:* ಜೋಳ ಒಂದೂವರೆ ಕಿಲೋ, ದಪ್ಪ ಮೆಣಸಿನಕಾಯಿ 600 ಗ್ರಾಂ, ಹಾಲು 2.4 ಲೀಟರ್, ಬೆಣ್ಣೆ 150 ಗ್ರಾಂ, ಮೈದಾ 150 ಗ್ರಾಂ, ಚೀಸು ಒಳಗೆ 600 ಗ್ರಾಂ ಮತ್ತು ಮೇಲೆ 300 ಗ್ರಾಂ, ಕಾಳುಮೆಣಸಿನ ಪುಡಿ ಮೊದಲು 2 ಚಮಚ, ರುಚಿ ನೋಡಿ 3ರವರೆಗೆ, ಬ್ರೆಡ್ 36 ಹೋಳು. ಇಷ್ಟನ್ನೂ ಮೂರು ಸಮಪಾಲು ಮಾಡಿ ಮೂರು ಸಲ ಮಾಡಿ.

*ವಿಧಾನ:* ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ, ಬಣ್ಣ ಬದಲಾಗದಂತೆ ಎರಡು ನಿಮಿಷ ಹುರಿಯಿರಿ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ, ಗಂಟಾಗದಂತೆ ಕೈಯಾಡಿಸಿ. ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾದಾಗ ಜೋಳ, ದಪ್ಪ ಮೆಣಸಿನಕಾಯಿ, ಮೆಣಸಿನಪುಡಿ ಸೇರಿಸಿ. ಒಲೆಯಿಂದ ಇಳಿಸಿ ಒಳಗಿನ ಚೀಸು ಬೆರೆಸಿ, ರುಚಿ ನೋಡಿ, ಬೇಕಿದ್ದರೆ ಉಪ್ಪು ಹಾಕಿ. ಬೆಣ್ಣೆ ಸವರಿದ ಟ್ರೇಯಲ್ಲಿ 2 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲೆ ಚೀಸು ಉದುರಿಸಿ. ಹತ್ತು ನಿಮಿಷ ಮುಂಚಿತವಾಗಿ 200 ಡಿಗ್ರಿಗೆ ಕಾಯಿಸಿದ ಓವನ್‌ನಲ್ಲಿ 15ರಿಂದ 18 ನಿಮಿಷ ಇಡಿ.

ಮಕ್ಕಳೇ, ತುರಿಯುವುದು, ತೂಗುವುದು, ಲೆಕ್ಕ ಹಾಕುವುದು ನಿಮ್ಮ ಕೆಲಸ. ಬಿಸಿ ಟ್ರೇ ಹೊರತೆಗೆಯುವುದು ಮಾತ್ರ ದೊಡ್ಡವರದು. ಮೊದಲ ತಟ್ಟೆ ಯಾರಿಗೆಂದು ನೀವೇ ಯೋಚಿಸಿ ಬರೆದಿಡಿ.